ದೀಪ ಹತ್ತುವ ಬಟ್ಟೆಗೆ ಮಾಸ್ಟರ್ ಕೈ ಹಾಕಿದ್ದು

"ಬಟ್ಟೆ ಅಂದ್ಮೇಲೆ ಅದು ನನ್ನ ಮಾತು ಕೇಳಲೇಬೇಕು! ಅದಕ್ಕೆ ಬಲ್ಬು ಕಟ್ಟು, ಬ್ಯಾಟರಿ ಕಟ್ಟು, ಕೊನೆಗೆ ಹೊಲಿಯೋಕೆ ಒಬ್ಬ ಟೈಲರ್ ಬೇಕು ತಾನೆ?"

ಬೀದಿಯವರೆಲ್ಲ 'ಮಾಸ್ಟರ್' ಎಂದು ಕರೆಯುವ ಟೈಲರ್ ಬೆಳಗಿನ ಚಹಾ ಹೀರುತ್ತ ಹೀಗೆ ಘೋಷಣೆ ಹೊರಡಿಸಿದಾಗ ಹೆಂಡತಿ ತಲೆಯನ್ನೇ ಎತ್ತಲಿಲ್ಲ.

"ಹೊಸ ಬ್ಯಾಟರಿ ತಂದ್ಬಿಡ್ತೀನಿ. ಅಲ್ಲೀವರೆಗೂ ಈ ಮಾದರಿಗಳನ್ನ ಮುಟ್ಬೇಡಿ," ಎಂದು ಚೀಲ ಹಿಡಿದು ಹೊರಟಳು.

ಮದುವೆಯಾದಂದಿನಿಂದ ಅಂಗಡಿಯ ಗುಂಡಿ, ಕಾಜಾ, ಹುಕ್ಕು ಎಲ್ಲ ಅವಳ ಪಾಲಿಗೆ, ಹೊಗಳಿಕೆಯೆಲ್ಲ ಮಾಸ್ಟರ್ ಪಾಲಿಗೆ. ಈ ಅನ್ಯಾಯದ ಹಂಚಿಕೆಯ ವಿರುದ್ಧ ಆ ಮನೆಯಲ್ಲಿ ಒಂದು ಧರಣಿಯೂ ನಡೆದಿರಲಿಲ್ಲ. ಈಚೆಗೆ ಅವಳು ಸಂಜೆ ತರಗತಿಗೆ ಸೇರಿ, ಬಟ್ಟೆಯ ಮೇಲೆ ಪುಟ್ಟ ಬಲ್ಬು ಹೊಲಿದು ಬೆಳಗಿಸುವುದನ್ನು ಕಲಿತಿದ್ದಳು. ಅದುಮಿದರೆ ಬೆಳಗುವ ದಿಂಬು, ಒತ್ತುಗುಂಡಿ ಹಾಕಿದರೆ ಮಿನುಗುವ ಹೂವು, ಆಮೇಲೆ ಒಂದು ಜೊತೆ ಕೈಗವಸು. ಒಂದು ಗವಸಿನಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಲ್ಬು. ಹಾಕಿಕೊಂಡ ಇಬ್ಬರು ಕೈ ಕುಲುಕಿದರೆ ದೀಪ! ಅಂದು ಮಧ್ಯಾಹ್ನವೇ ತರಬೇತಿ ಕೇಂದ್ರದಲ್ಲಿ ಪ್ರದರ್ಶನ. ಅಲ್ಲಿನ ಮೇಡಂಗೆ ಮೆಚ್ಚುಗೆಯಾದರೆ ಮುಂದಿನ ತರಗತಿಗೆ ಇವಳೇ ಟೀಚರ್. ಅವಳದೇ ಅನ್ನಬಹುದಾದ ಮೊದಲ ಕೆಲಸ.

ಬಾಗಿಲು ಮುಚ್ಚಿದ್ದೇ ತಡ, ಮಾಸ್ಟರ್ ದಿಂಬನ್ನು ಕೈಗೆತ್ತಿಕೊಂಡ. ಕೆಂಪು ಮಖಮಲ್ಲಿನ ಮೇಲೆ ಬೂದು ಬಣ್ಣದ ದಾರ! ಅದೂ ಇರುವೆ ದಾರಿ ತಪ್ಪಿದಂಥ ಉದ್ದುದ್ದ ಹೊಲಿಗೆ! ಹೂವೂ ಹಾಗೇ, ಗವಸೂ ಹಾಗೇ. ಮಾಸ್ಟರ್ ಮನೆಯ ಮಾದರಿ ಈ ಅವತಾರದಲ್ಲಿ ಊರ ಮುಂದೆ ಹೋಗುವುದೆ? ಪಾಪ, ಅವಸರದಲ್ಲಿ ಕೈಗೆ ಸಿಕ್ಕಿದ ದಾರ ಹಾಕಿರಬೇಕು. ಅವಳು ಬಂದು ನೋಡಿ ಬೆರಗಾಗಬೇಕು!

ಕತ್ತರಿ ಹೊರಬಿತ್ತು. ಬೂದು ದಾರವನ್ನೆಲ್ಲ ತುಂಡು ತುಂಡು ಮಾಡಿ ಕಿತ್ತ, ಬಟ್ಟೆಗೆ ಒಪ್ಪುವ ರೇಷ್ಮೆ ದಾರ ಆರಿಸಿದ, ಬಲ್ಬುಗಳನ್ನು ಕೋಟಿನ ಗುಂಡಿಯ ಹಾಗೆ ಕೂರಿಸಿದ. ಅಂಥ ಹೊಲಿಗೆಯನ್ನು ಅವನು ತನ್ನ ಮದುವೆಯ ಕೋಟಿಗೂ ಹಾಕಿರಲಿಲ್ಲ.

ಹೆಂಡತಿ ಬಂದಳು. ಬ್ಯಾಟರಿ ತೂರಿಸಿ ದಿಂಬು ಅದುಮಿದಳು. ಕತ್ತಲೆ. ಇನ್ನೊಮ್ಮೆ ಅದುಮಿದಳು. ಅಮಾವಾಸ್ಯೆ.

"ರೀ, ನನ್ನ ದಾರ ಎಲ್ರೀ?"

"ಕಸದ ಬುಟ್ಟೀಲಿ. ಅಷ್ಟು ಕೊಳಕು ದಾರ ಎಲ್ಲಿಂದ ತಂದಿದ್ದೆ ಕಣೇ? ನೋಡೀಗ, ಹೊಲಿಗೆ ಕಾಣಿಸ್ತಿದ್ಯಾ?"

"ಕಾಣಿಸ್ತಿಲ್ಲ."

"ಮಾಸ್ಟರ್ ಕೈ ಅಂದ್ರೆ ಅದು!"

"ದೀಪಾನೂ ಕಾಣಿಸ್ತಿಲ್ಲ! ಅದು ಉಕ್ಕಿನ ದಾರ ಕಣ್ರೀ. ಅದರಲ್ಲೇ ಕರೆಂಟು ಹರಿಯೋದು. ಆ ಕೊಳಕು ದಾರಾನೇ ವೈರು!"

ಅವಳು ಕೂಗಾಡಿದ್ದರೆ ಮಾಸ್ಟರೂ ಕೂಗಾಡಿ ಗೆಲ್ಲುತ್ತಿದ್ದ. ಅವಳು ಸುಮ್ಮನೆ ಸ್ಟೂಲಿನ ಮೇಲೆ ಕೂತಳು.

"ಹೋಗ್ಲಿ ಬಿಡಿ. ಗುಂಡಿ ಹೊಲ್ಕೊಂಡಿದ್ದೆ, ಗುಂಡಿ ಹೊಲ್ಕೊಂಡಿರ್ತೀನಿ."

ಮಾಸ್ಟರ್ ಕಸದ ಬುಟ್ಟಿಗೆ ತಲೆ ತೂರಿಸಿದ. ಸಿಕ್ಕಿದ್ದೆಲ್ಲ ಗೇಣುದ್ದವೂ ಇಲ್ಲದ ಚೂರುಗಳು. ಉರುಳೆಯಲ್ಲಿ ಉಳಿದ ದಾರ ಗವಸಿಗೆ ಸಾಕಾದರೆ ಪುಣ್ಯ.

"ಮೆಷಿನ್ ಮೇಲೆ ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತೀನಿ!"

"ಬೇಡ ರೀ, ಅದು ಮೆಷಿನ್ನಿಗೆ..."

ಕಟ ಕಟ ಕರ್‌ರ್‌ರ್ ಖಳ್! ಸೂಜಿ ಹುತಾತ್ಮವಾಯಿತು. ಗವಸಿನ ಅಡಿಯಲ್ಲಿ ಉಕ್ಕಿನ ದಾರ ಗುಬ್ಬಿ ಗೂಡು ಕಟ್ಟಿತ್ತು.

ಹೆಂಡತಿ ಗೂಡನ್ನು ಮಡಿಲಲ್ಲಿಟ್ಟುಕೊಂಡು ಎಳೆ ಎಳೆಯಾಗಿ ಬಿಡಿಸಿದಳು. "ಈಗ ನೀವು ಒಂದೇ ಒಂದು ಕೆಲಸ ಮಾಡಿ. ಸೂಜಿಗೆ ಪೋಣಿಸಿ ಕೊಡಿ. ಬೇರೇನೂ ಮಾಡ್ಬೇಡಿ."

ಉಕ್ಕಿನ ದಾರ ತುದಿಯಲ್ಲಿ ಪೊರಕೆಯಂತೆ ಕೆದರಿತ್ತು. ಮಾಸ್ಟರ್ ಎಂಜಲು ಹಚ್ಚಿ, ಹೊಸೆದು, ಕನ್ನಡಕ ಮೂಗಿನ ತುದಿಗೆ ಜಾರಿಸಿ ಪೋಣಿಸುತ್ತ ಹೋದ. ಅವಳು ಹೊಲಿಯುತ್ತ ಹೋದಳು.

"ಅಂಗೈಲಿ ಈ ಎರಡು ಗೆರೆ ಯಾಕಿಷ್ಟು ದೂರ?" ಮೆಲ್ಲಗೆ ಕೇಳಿದ.

"ಒಂದಕ್ಕೊಂದು ತಾಗಿದ್ರೆ ಕೆಲಸ ಕೆಟ್ಟುಹೋಗುತ್ತೆ."

"ಜಗಳ ಆಡಿದವರ ಥರಾನಾ?"

"ಬಾಯ್ಮುಚ್ಕೊಂಡು ಪೋಣಿಸಿ," ಅಂದಳು. ತುಟಿಯಂಚಿನಲ್ಲಿ ನಗು ಇಣುಕಿದ್ದನ್ನು ಮಾಸ್ಟರ್ ಕಂಡೂ ಕಾಣದಂತೆ ಇನ್ನೊಂದು ಎಳೆ ಹೊಸೆದ.

ಪ್ರದರ್ಶನದಲ್ಲಿ ಅಷ್ಟಗಲ ಮೇಜಿನ ಮೇಲೆ ಒಂದು ಜೊತೆ ಗವಸು ಅನಾಥವಾಗಿ ಕೂತಿತ್ತು. ಕೇಂದ್ರದ ಮೇಡಂ ಹುಬ್ಬೇರಿಸಿದರು. "ಮೂರು ಮಾದರಿ ಅಂದಿದ್ರಲ್ಲ?"

ಹೆಂಡತಿ ತಡವರಿಸುವ ಮೊದಲೇ ಮಾಸ್ಟರ್ ಮುಂದೆ ನುಗ್ಗಿದ. "ಎರಡನ್ನ ನಾನು ಕೊಂದೆ ಮೇಡಂ. ಚೆಂದ ಮಾಡೋಕೆ ಹೋಗಿ. ಅವಳ ತಪ್ಪೇನೂ ಇಲ್ಲ."

"ಓಹೋ! ಹಾಗಾದ್ರೆ ಈ ಮೂರನೇದನ್ನ ನೀವೇ ಹಾಕ್ಕೊಂಡು ತೋರಿಸಿ."

ಮಾಸ್ಟರ್ ಬ್ಯಾಟರಿಯ ಗವಸು ತೊಟ್ಟ. ಹೆಂಡತಿ ಬಲ್ಬಿನದು. ಸುತ್ತ ಜನ. ಮಾಸ್ಟರ್ ನಾಚಿಕೊಂಡು ಅವಳ ಬೆರಳ ತುದಿ ಹಿಡಿದ. ದೀಪವಿಲ್ಲ! ಮೇಡಂ ಕಣ್ಣು ಪಕ್ಕದ ಅಭ್ಯರ್ಥಿಯ ಮೇಜಿನತ್ತ ಹೊರಳಿತು. ಹೆಂಡತಿಯ ಮುಖ ಬಿಳಿಚಿತು.

"ರೀ, ಅಳತೆ ತಗೋತಿದೀರಾ? ಗಟ್ಟಿಯಾಗಿ ಹಿಡೀರಿ!"

ನಾಚಿಕೆಯನ್ನು ಗಾಳಿಗೆ ತೂರಿ ಮಾಸ್ಟರ್ ಅಂಗೈಗೆ ಅಂಗೈ ಸೇರಿಸಿ ಬಿಗಿದ. ಅವಳ ಮಣಿಕಟ್ಟಿನ ಮೇಲೆ ಬಲ್ಬು ಫಳ್ಳೆಂದಿತು. "ಹಾ!" ಎಂದರು ಜನ. ಎಲ್ಲರಿಗಿಂತ ಜೋರಾಗಿ "ಹಾ!" ಎಂದವನು ಮಾಸ್ಟರ್.

"ಸೋಮವಾರದಿಂದ ತರಗತಿ ನಿಮ್ಮದೇ, ಟೀಚರ್," ಎಂದರು ಮೇಡಂ. "ಸಹಾಯಕ್ಕೆ ಯಾರನ್ನಾದ್ರೂ ಕೊಡ್ಲಾ?"

"ಇವರೇ ಸಾಕು ಮೇಡಂ. ಸೂಜಿ ಚೆನ್ನಾಗಿ ಪೋಣಿಸ್ತಾರೆ. ಕತ್ತರಿ ಮಾತ್ರ ಕೈಗೆ ಸಿಗದ ಹಾಗೆ ಎತ್ತಿಡಬೇಕು!"

ನಗೆಯ ಅಲೆ ಎದ್ದಿತು. ಕೆಂಪಗಾದ ಮಾಸ್ಟರ್ ಕೈ ಎಳೆದುಕೊಳ್ಳಲು ನೋಡಿದ. ಹೆಂಡತಿ ಹಿಡಿತ ಸಡಿಲಿಸಲಿಲ್ಲ.

"ಬಿಡೇ... ಜನ ನೋಡ್ತಿದಾರೆ!"

"ನೋಡ್ಲಿ ಅಂತಾನೇ ಕಣ್ರೀ ಪ್ರದರ್ಶನಕ್ಕಿಟ್ಟಿರೋದು!"