ಅಧ್ಯಕ್ಷರ ಬಾಯಲ್ಲಿ ಹೆಣದ ಹಲ್ಲಿಟ್ಟವನಿಂದ ‘ಗುಲ್ಲು’ ಸಂಪಾದಕರಿಗೆ

ಮಾನ್ಯರೇ, ನಿರ್ಭೀತ ಲೇಖನಿಯವರೇ, ಊರಿನ ಸಮಸ್ತ ವಕೀಲರ ಅನ್ನದಾತರೇ,

ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದಂಗಡಿಯ ಮಹಡಿಯ ಮೇಲೆ, ಇಪ್ಪತ್ತಾರು ವರ್ಷಗಳಿಂದ ಹಲ್ಲಿನ ಸೆಟ್ಟು ಮಾಡಿಕೊಂಡಿರುವ ನಾನು ತಮಗೆ ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ಯಾರಿವನು ಎಂದು ತಾವು ಹುಬ್ಬೇರಿಸಬಾರದು. ‘ಅಧ್ಯಕ್ಷರ ಬಾಯಲ್ಲಿ ಹೆಣದ ಹಲ್ಲು!’ ಎಂದು ತಮ್ಮ ಮುಖಪುಟದಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ಬಂದಿತ್ತಲ್ಲ, ಆ ಹಲ್ಲಿಟ್ಟ ಮಹಾಪಾಪಿ ನಾನೇ.

ತಮ್ಮ ಪತ್ರಿಕೆಯ ಭವ್ಯ ಚರಿತ್ರೆ ನನಗೆ ತಿಳಿಯದ್ದೇನಲ್ಲ. ತಮ್ಮ ಮಾವನವರು ಲಗ್ನಪತ್ರಿಕೆ ಅಚ್ಚುಹಾಕಿ ಮಿಕ್ಕಿದ ಗುಲಾಬಿ ಕಾಗದವನ್ನು ಎಸೆಯಲು ಮನಸ್ಸಾಗದೆ ಈ ಸಂಜೆಪತ್ರಿಕೆ ಹೊರಡಿಸಿದರೆಂದೂ, ಮೊದಲ ಸಂಚಿಕೆಯಲ್ಲೇ ಇನ್ನೂ ಕಟ್ಟಿರದ ಸೇತುವೆಯೊಂದನ್ನು ಕುಸಿಯುವಂತೆ ಮಾಡಿ ಮೂರನೆಯ ಸಂಚಿಕೆಯೊಳಗೆ ಮೊದಲ ಲಾಯರ್ ನೋಟೀಸು ಪಡೆದರೆಂದೂ, ಕ್ಷಮಾಪಣೆ ಬರೆದೂ ಬರೆದೂ ಬೆರಳು ಸೋತು ಕೊನೆಗೆ ಹೆಸರಿನ ಜಾಗ ಖಾಲಿ ಬಿಟ್ಟ ಫಾರಂಗಳನ್ನೇ ಅಚ್ಚುಹಾಕಿಸಿ ಇಟ್ಟುಕೊಂಡರೆಂದೂ ಹಿರಿಯರು ಹೇಳುತ್ತಾರೆ. ಬೆಳ್ಳಿಹಬ್ಬದ ದಿನ ಸಿಬ್ಬಂದಿಯೆಲ್ಲ ಹೇಗೂ ಅಲ್ಲೇ ಇದ್ದುದರಿಂದ ಗುಂಪು ಫೋಟೋವನ್ನು ನ್ಯಾಯಾಲಯದ ಮೆಟ್ಟಿಲ ಮೇಲೇ ತೆಗೆಸಿಕೊಂಡದ್ದನ್ನಂತೂ ನಾನೇ ಕಣ್ಣಾರೆ ಕಂಡಿದ್ದೇನೆ. ಇಂಥ ಪರಂಪರೆಯಲ್ಲಿ ನನ್ನಂಥ ಅಲ್ಪನಿಗೂ ಒಂದು ಜಾಗ ಕೊಟ್ಟಿರಿ.

ನಡೆದದ್ದು ಇಷ್ಟೇ. ತಮ್ಮ ವರದಿಗಾರರು ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, ಗೋಡೆಯುದ್ದಕ್ಕೂ ಜೋಡಿಸಿಟ್ಟ ಪ್ಲಾಸ್ಟರ್ ದವಡೆಗಳನ್ನು ನೋಡಿ, ನಗರಸಭೆ ಅಧ್ಯಕ್ಷರಿಗೆ ಸೆಟ್ಟು ಮಾಡಿದ್ದು ನಾನೇ ಎಂಬುದನ್ನು ಖಚಿತಪಡಿಸಿಕೊಂಡು, ಮೂಲೆಯಲ್ಲಿದ್ದ ಒಂದು ಡಬ್ಬಿ ತೋರಿಸಿ, “ಅದೇನು ಸಾರ್?” ಎಂದರು. ಅಳತೆ ಕೊಟ್ಟು ಹೋಗಿ ಸೆಟ್ಟು ಒಯ್ಯಲು ಬರುವ ಮೊದಲೇ ಕಣ್ಮುಚ್ಚಿದ ಗಿರಾಕಿಗಳ ಸೆಟ್ಟುಗಳನ್ನು ಎಸೆಯಲಾರದೆ ನಾನು ಅದರಲ್ಲಿ ಇಡುತ್ತೇನೆ. “ತೀರಿಕೊಂಡವರದ್ದು” ಎಂದೆ. ಅಷ್ಟರಲ್ಲಿ ಒಲೆಯ ಮೇಲಿನ ಮೇಣ ಉಕ್ಕಿತು. ಅದನ್ನಿಳಿಸಿ ಬಂದು ಉಳಿದದ್ದನ್ನು ಹೇಳೋಣವೆಂದರೆ ಅವರು ಮೆಟ್ಟಿಲಿಳಿದಾಗಿತ್ತು.

ಸುದ್ದಿ ಬಂದ ಮೇಲೆ ಅಧ್ಯಕ್ಷರು ಬಾಯಿ ತೆರೆಯುವುದನ್ನೇ ಬಿಟ್ಟರು. ಎಲ್ಲ ನಿರ್ಣಯಗಳಿಗೂ ತಲೆ ಅಲ್ಲಾಡಿಸಿದರು, ನಗರಸಭೆಯ ಸಭೆ ಇತಿಹಾಸದಲ್ಲೇ ಮೊದಲ ಬಾರಿ ಹೊತ್ತಿಗೆ ಸರಿಯಾಗಿ ಮುಗಿಯಿತು. ಇದಕ್ಕಾಗಿ ನಾಗರಿಕರ ಪರವಾಗಿ ತಮಗೆ ಕೃತಜ್ಞತೆ. ಆದರೆ ನನ್ನ ಮನೆಯಲ್ಲಿ ಆದದ್ದು ಬೇರೆ. ನಾನೇ ಮಾಡಿಕೊಟ್ಟ ಸೆಟ್ಟನ್ನು ಒಂಬತ್ತು ವರ್ಷಗಳಿಂದ ಹಾಕಿಕೊಂಡಿದ್ದ ನನ್ನ ಹೆಂಡತಿ ತಮ್ಮ ಪತ್ರಿಕೆಯನ್ನು ಕೊನೆಯ ಸಾಲಿನವರೆಗೂ ಓದಿ, ಸೆಟ್ಟನ್ನು ತೆಗೆದು, ಅದೇ ಪತ್ರಿಕೆಯಲ್ಲಿ ಸುತ್ತಿ ನನ್ನ ಮೇಜಿನ ಮೇಲಿಟ್ಟು, “ನಿಜ ಹೇಳಿ. ಇದು ಯಾರ್ದು?” ಎಂದಳು. ಕಾರ್ಖಾನೆಯಿಂದ ಹಲ್ಲು ಬರುವ ರಟ್ಟಿನ ಪೆಟ್ಟಿಗೆ, ಬಣ್ಣದ ನಂಬರು, ರಸೀದಿ ಎಲ್ಲವನ್ನೂ ತೋರಿಸಿದೆ. ಅವಳು ಗಂಜಿ ಕುಡಿಯುತ್ತಾ ಗೋಡೆ ನೋಡಿದಳು. ಏಳು ವಾರ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ, ಸ್ವಾಮಿ. ನಾನು ದಾವೆ ಹೂಡಿದ್ದು ಊರಿನಲ್ಲಿ ಹೋದ ಮಾನಕ್ಕಲ್ಲ, ಆ ಗೋಡೆಯ ಕಡೆಯಿಂದ ಅವಳ ಮುಖ ತಿರುಗಿಸುವುದಕ್ಕೆ.

ನ್ಯಾಯಾಲಯದಲ್ಲಿ ತಮ್ಮ ವಕೀಲರು ಮಂಡಿಸಿದ ವಾದವನ್ನು ಚಿನ್ನದ ಚೌಕಟ್ಟು ಹಾಕಿಸಿಡಬೇಕು. ‘ಗುಲ್ಲು’ ಪತ್ರಿಕೆಯನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಅದರಿಂದ ಯಾರ ಮಾನವೂ ಹೋಗುವುದು ಸಾಧ್ಯವಿಲ್ಲ ಎಂದರು. ನ್ಯಾಯಾಧೀಶರು, “ಒಬ್ಬರೂ ನಂಬಲ್ವಾ?” ಎಂದು ಕೇಳಿದರು. “ಒಬ್ಬರೂ ಇಲ್ಲ ಸ್ವಾಮಿ. ಸಂಪಾದಕರ ಮನೆಯವರೂ ನಂಬಲ್ಲ,” ಎಂದರು ವಕೀಲರು ಹೆಮ್ಮೆಯಿಂದ. ಆಗ ಹಿಂದಿನ ಬೆಂಚಿನಿಂದ ನನ್ನ ಹೆಂಡತಿ ಎದ್ದು ನಿಂತು, “ನಾನು ನಂಬಿದೀನಿ! ಬೇಕಾದ್ರೆ ನೋಡಿ!” ಎಂದು ಇಡೀ ನ್ಯಾಯಾಲಯಕ್ಕೆ ಕಾಣುವಂತೆ ಬೊಚ್ಚುಬಾಯಿ ತೆರೆದಳು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ತೀರ್ಪು ನನ್ನ ಪರವಾಯಿತು. ಕಟ್ಟಿಕೊಂಡವಳೇ ನನ್ನನ್ನು ನಂಬಿಲ್ಲವೆಂಬ ಸಾಕ್ಷ್ಯದಿಂದ ನಾನು ಗೆದ್ದೆ. ಆ ದಿನ ಮನೆಗೆ ಹೋಗುವಾಗ ಇಬ್ಬರೂ ಬೀದಿಯ ಒಂದೊಂದು ಬದಿ ಹಿಡಿದು ನಡೆದೆವು.

ಅಷ್ಟೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ ತಿದ್ದುಪಡಿ ಹಾಕಬೇಕೆಂಬ ಆದೇಶವನ್ನು ತಾವು ಚಾಚೂ ತಪ್ಪದೆ ಪಾಲಿಸಿದಿರಿ: ‘ಅಧ್ಯಕ್ಷರ ಬಾಯಲ್ಲಿರುವುದು ಸತ್ತವರ ಹಲ್ಲಲ್ಲ. ಬದುಕಿರುವವರ ಹಲ್ಲು ಎಂದು ಓದಿಕೊಳ್ಳಬೇಕಾಗಿ ವಿನಂತಿ.’

ನನ್ನ ಹೆಂಡತಿ ಇದನ್ನು ಎರಡು ಸಲ ಓದಿದಳು. “ಬದುಕಿರೋರ ಬಾಯಿಂದ ಕಿತ್ರಾ? ನೀವಾ? ಗೋಡೆಯಿಂದ ಒಂದು ಮೊಳೆ ಕೀಳೋಕೆ ನನ್ನ ಕರೀತೀರಲ್ರೀ!” ಎಂದವಳೇ ನಗತೊಡಗಿದಳು. ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ಬಂತು, ಕೊನೆಗೆ, “ತನ್ನಿ ಇಲ್ಲಿ, ಒಸಡು ನೋಯ್ತಿದೆ,” ಎಂದು ಕೈ ಚಾಚಿ ಸೆಟ್ಟು ಹಾಕಿಕೊಂಡಳು. ಸತ್ಯದಿಂದ ಆಗದ ಕೆಲಸ ತಮ್ಮ ಸುಳ್ಳಿನಿಂದ ಆಯಿತು.

ಊರಿನ ಮಾತು ಬೇರೆ. ಕೆಳಗಿನ ಕನ್ನಡಕದಂಗಡಿಯವರು ಈಗ ನನ್ನೊಡನೆ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಾರೆ. ಮತ್ತೆ ದಾವೆ ಹೂಡೆಂದು ಎಲ್ಲರೂ ಹುರಿದುಂಬಿಸುತ್ತಿದ್ದಾರೆ, ಆದರೆ ಹೆಂಡತಿ, “ಸುಮ್ನಿರಿ, ಇನ್ನೊಂದ್ಸಲ ತಿದ್ದಿದ್ರೆ ಜೈಲಿಗೇ ಕಳಿಸ್ತಾರೆ,” ಎನ್ನುತ್ತಾಳೆ. ಆದ್ದರಿಂದ ನನ್ನ ಬೇಡಿಕೆಗಳು ಅತ್ಯಲ್ಪ. ತಾವು ನನ್ನ ಬಗ್ಗೆ ಇನ್ನು ಯಾವುದನ್ನೂ ಸರಿಪಡಿಸಬಾರದು. ಸಾಧ್ಯವಾದರೆ ಪ್ರತಿದಿನ ಕ್ಷಮಾಪಣೆಯನ್ನು ಮೊದಲು ಅಚ್ಚುಹಾಕಿ, ಜಾಗ ಮಿಕ್ಕರೆ ಮಾತ್ರ ಸುದ್ದಿ ಹಾಕಬೇಕು.

ಇಂತು, ಇನ್ನೂ ಬದುಕಿರುವವರ ಪೈಕಿ,
ತಮ್ಮ ವಿಶ್ವಾಸಿ,
ಹಲ್ಲಿನ ಸೆಟ್ಟಿನವನು

ತಾ.ಕ.: ವಾದ ಮಾಡುವಾಗ ತಮ್ಮ ವಕೀಲರ ಎಡಗಡೆಯ ಕೆಳದವಡೆಯ ಹಲ್ಲೆರಡು ಅಲ್ಲಾಡುತ್ತಿದ್ದುದನ್ನು ಗಮನಿಸಿದೆ. ದಯವಿಟ್ಟು ಕಳಿಸಿಕೊಡಿ, ಚೆನ್ನಾಗಿಯೇ ಕೂರಿಸಿಕೊಡುತ್ತೇನೆ. ಹಲ್ಲು ಯಾರದೆಂದು ಮಾತ್ರ ಕೇಳಬಾರದು.