ಪೊರೆಯೊಳಗಿನ ಮೇಷ್ಟ್ರು

ಎಲ್ಲ ಫಜೀತಿಗೂ ಮೂಲ ಇಷ್ಟೇ: ಜೀವಕೋಶದ ಪೊರೆಯನ್ನು ಬೋರ್ಡಿನ ಮೇಲೆ ಬರೆದು ಸುಮ್ಮನಾಗದೆ, ಕುಳ್ಳ ಮೇಷ್ಟ್ರು ಅದನ್ನು ಮಕ್ಕಳಿಂದಲೇ ಮಾಡಿಸಿ ತೋರಿಸಲು ಹೊರಟರು. ಅಂದು ಮಧ್ಯಾಹ್ನ ಹೆಡ್ ಮಿಸ್ ಬಂದು ಪಾಠ ನೋಡುವವರಿದ್ದರು. ಅವರು ಮೆಚ್ಚಿದರೆ ಕೆಲಸ ಕಾಯಂ. ಮದುವೆಯಾದಾಗಿನಿಂದ ಮಾವನವರು ಬಂದವರಿಗೆಲ್ಲ "ಇವರು ನಮ್ಮ ಟೆಂಪರರಿ ಅಳಿಯಂದಿರು" ಎಂದು ಪರಿಚಯಿಸುತ್ತಿದ್ದರು. ಅದಕ್ಕೂ ಅಂದೇ ಕೊನೆಯಾಗಬೇಕಿತ್ತು.

ತಾಲೀಮು ಜೋರಾಗಿಯೇ ನಡೆದಿತ್ತು. ಒಬ್ಬೊಬ್ಬ ಮಗುವೂ ಪೊರೆಯ ಒಂದೊಂದು ಕೊಬ್ಬಿನ ಅಣು. ಮಕ್ಕಳು ಒಂದರೊಳಗೊಂದು ಎರಡು ವೃತ್ತವಾಗಿ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಅಣುಗಳ ನೀರನ್ನು ಇಷ್ಟಪಡುವ ತಲೆಗಳು ಒಂದು ಸಾಲಿನಲ್ಲಿ ಹೊರಗೆ, ಇನ್ನೊಂದರಲ್ಲಿ ಒಳಗೆ ಮುಖ ಮಾಡಿದರೆ, ನೀರು ಕಂಡರಾಗದ ಕೊಬ್ಬಿನ ಬಾಲಗಳು ನಡುವೆ ಅಡಗಿಕೊಳ್ಳುತ್ತವೆ. ಪೊರೆ ಕಲ್ಲಿನ ಗೋಡೆಯಲ್ಲ, ಆದ್ದರಿಂದ ಎಲ್ಲರೂ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿರಬೇಕು. ಹರಿದರೆ ತಕ್ಷಣ ಕೂಡಿಕೊಳ್ಳಬೇಕು. ಬಾಗಿಲು ಕಾಯುವ ಪ್ರೋಟೀನ್ ಕ್ಲಾಸ್ ಲೀಡರ್ ಹುಡುಗಿ. ಬೇಕಾದ ಸೀಮೆಸುಣ್ಣವನ್ನು ಒಳಗೆ ಬಿಡುವುದು, ಬೇಡವಾದ ಹರಿದ ಕಾಗದವನ್ನು ಹೊರಗೆ ಹಾಕುವುದು ಅವಳ ಕೆಲಸ. ನಟ್ಟನಡುವೆ, ಕೋಶಕೇಂದ್ರವಾಗಿ, ಮೇಷ್ಟ್ರು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಂಡವರ ವಿಷಯದಲ್ಲಿ ಮೂಗು ತೂರಿಸದಿದ್ದರೆ ಲೆಕ್ಕದ ಮೇಷ್ಟ್ರಿಗೆ ಊಟ ಸೇರುವುದಿಲ್ಲ. ಕುಳ್ಳ ಮೇಷ್ಟ್ರು ತಲೆ ಬಾಚಿಕೊಳ್ಳಲು ಹೋದಾಗ ಅವರು ಕ್ಲಾಸಿಗೆ ಬಂದರು.

"ನೋಡ್ರಪ್ಪಾ, ಇವತ್ತು ಏನೇ ಆದ್ರೂ ಪೊರೆ ಬಿಡಬೇಡಿ. ನಿಮ್ಮ ಸರ್ರೇ ಸಾಕು ಅಂದ್ರೂ ನಿಲ್ಲಿಸ್ಬೇಡಿ. ಅದೂ ಪರೀಕ್ಷೇನೇ."

ಹಿಂದೆಯೇ ಡ್ರಿಲ್ ಮೇಷ್ಟ್ರು ಬಂದು, "ಮಾತು ಬೇಡ. ಹೆಜ್ಜೆ ತಪ್ಪದ ಹಾಗೆ ಬಾಯಿ ಮುಚ್ಚಿ ಗುಂಯ್ ಅಂತಿರಿ" ಎಂದು ಸೇರಿಸಿದರು.

ಕುಳ್ಳ ಮೇಷ್ಟ್ರು ಮರಳಿ ಬಂದು ನಡುವೆ ನಿಂತರು, ಪೊರೆ ಕಟ್ಟಿತು. ನೆಲದ ಮೇಲೆ ಕಾಲುಗಳು ಸರಿಯುವ ಸದ್ದು, ಅದರ ಮೇಲೆ ಗುಂಯ್ ಎನ್ನುವ ಒಂದೇ ದನಿ. ಒಳಸಾಲಿನ ಮಕ್ಕಳೆಲ್ಲ ಮೇಷ್ಟ್ರನ್ನೇ ನೋಡುತ್ತಿದ್ದರು. ಯಾರೂ ಕಣ್ಣು ಮಿಟುಕಿಸಲಿಲ್ಲ.

"ಭೇಷ್, ಈಗ ಸಾಕು" ಎಂದರು ಮೇಷ್ಟ್ರು. ಯಾರೂ ನಿಲ್ಲಲಿಲ್ಲ.

"ಸಾಕು ಅಂದ್ನಲ್ಲ, ಮಿಸ್ ಬರೋ ಹೊತ್ತಾಯ್ತು."

ಮುಖಗಳು ಮೆಲ್ಲಗೆ ಸರಿದವು. ದಿನಾ ಹಾಜರಿ ಕೂಗುವ ಮೇಷ್ಟ್ರಿಗೆ ಈಗ ಯಾವ ಮುಖ ಯಾರದೆಂದು ಹೊಳೆಯಲಿಲ್ಲ. ಇಬ್ಬರ ನಡುವೆ ತೂರಲು ನೋಡಿದರು. ಆ ಜಾಗ ಕೆರೆಯ ಪಾಚಿಯಂತೆ ಕೂಡಿಕೊಂಡಿತು. ಬಗ್ಗಿ ನುಸುಳಲು ಹೋದರು, ಅಲ್ಲೂ ಕಾಲುಗಳು ಕೂಡಿಕೊಂಡವು. ಎದ್ದು ನಿಂತಾಗ ವೃತ್ತ ಮೊದಲಿಗಿಂತ ಚಿಕ್ಕದಾಗಿತ್ತು. ಮೇಷ್ಟ್ರಿಗೆ ನಿಜವಾಗಿಯೂ ಭಯವಾಯಿತು.

ಕ್ಲಾಸಿನ ಬಾಗಿಲಲ್ಲಿ ಹೆಡ್ ಮಿಸ್ ದನಿ ಕೇಳಿಸಿತು. "ಮೇಷ್ಟ್ರೆಲ್ಲಿ?"

"ಇಲ್ಲಿದೀನಿ ಮೇಡಂ, ಒಳಗಿದೀನಿ" ಎಂದು ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು, ಹಾರಿದರು. ಕೂಗು ಆ ಗುಂಯ್‌ನಲ್ಲಿ ಕರಗಿಹೋಯಿತು. ಎಷ್ಟು ಹಾರಿದರೂ ಕುಳ್ಳರ ತಲೆ ಮಕ್ಕಳ ಭುಜ ದಾಟಲಿಲ್ಲ.

"ಕಾಫಿಗೆ ಹೋಗಿರ್ಬೇಕು ಮೇಡಂ, ಪಾಪ" ಎಂದರು ಅವರ ಹಿಂದೆಯೇ ಬಂದಿದ್ದ ಲೆಕ್ಕದ ಮೇಷ್ಟ್ರು, ಸಹಾಯ ಮಾಡುವವರಂತೆ.

ಹೆಡ್ ಮಿಸ್ ಬಹಳ ಹೊತ್ತು ನೋಡಿದರು. "ಎಂಥಾ ಶಿಸ್ತು. ಪೊರೆ ಅಂದ್ರೆ ಏನು ಅಂತ ನಂಗೂ ಇವತ್ತೇ ಅರ್ಥ ಆಗಿದ್ದು. ಮೇಷ್ಟ್ರಿಲ್ದೇ ಮಕ್ಕಳು ಇಷ್ಟು ಚೆನ್ನಾಗಿ ಕಲೀತಾರೆ ಅಂದ್ಮೇಲೆ ಕಾಯಂ ಮಾಡೋದೇನು, ಆ ಪೋಸ್ಟೇ ಬೇಡ ಬಿಡಿ" ಎಂದು ಹೊರಟರು.

ಗುಂಯ್ ಸದ್ದು ಥಟ್ಟನೆ ನಿಂತಿತು. ಲೀಡರ್ ಹುಡುಗಿ ಮೇಷ್ಟ್ರ ಕಡೆ ತಿರುಗಿದಳು.

"ಬೇಡವಾದದ್ದನ್ನ ಹೊರಗೆ ಹಾಕ್ಬೇಕು ಅಂತ ನೀವೇ ಹೇಳಿಕೊಟ್ಟಿದ್ರಲ್ಲಾ, ಸರ್" ಎಂದಳು ಮೃದುವಾಗಿ.

ಪೊರೆ ಬಾಯಿ ತೆರೆಯಿತು. ಎಷ್ಟೋ ಪುಟ್ಟ ಕೈಗಳು, ಒಂದರಿಂದೊಂದಕ್ಕೆ, ನೋವಾಗದಂತೆ ಮೇಷ್ಟ್ರನ್ನು ಸಾಗಿಸಿ ವರಾಂಡದಲ್ಲಿ ಕೆಡವಿದವು. ಸದ್ದಿಗೆ ಹೆಡ್ ಮಿಸ್ ಹಿಂತಿರುಗಿ ನೋಡಿದರು.

"ಈಗ ಬಂದ್ರಾ, ಮೇಷ್ಟ್ರೇ?"

ಮೇಷ್ಟ್ರು ಕ್ಲಾಸಿನ ಕಡೆ ಬೆರಳು ತೋರಿಸಿದರು. ಪೊರೆ ಆಗಲೇ ಕೂಡಿಕೊಂಡಿತ್ತು, ಗುಂಯ್ ಸದ್ದು ಮತ್ತೆ ಶುರುವಾಗಿತ್ತು.