ಅತ್ತೆಯವರೊಡನೆ ನಾನು ಆಡಿದ ಕುಸ್ತಿ

ಕುಸ್ತಿಯ ವಿಷಯದಲ್ಲಿ ನನಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಮ್ಮ ಮಾಹಿತಿಗಾಗಿ ಹೇಳುತ್ತಿದ್ದೇನೆ. ಚಳ್ಳಕೆರೆಯ ಗರಡಿಯಲ್ಲಿ ಎಂಟು ವರ್ಷ ಮೈಗೆ ಮಣ್ಣು ಮೆತ್ತಿಕೊಂಡವನು ನಾನು. ಮದುವೆಯಾಗಿ, ಶೇಂಗಾ ಎಣ್ಣೆ ಗಿರಣಿಯಲ್ಲಿ ಮೇಸ್ತ್ರಿಯಾಗಿ, ಹೊಟ್ಟೆ ನನಗಿಂತ ಮುಂದೆ ನಡೆಯತೊಡಗಿದ ಮೇಲೂ ಜನ ನನ್ನನ್ನು ಪೈಲ್ವಾನ್ ಎಂದೇ ಕರೆಯುತ್ತಿದ್ದರು. ಸಾಕ್ಷಿಗೆ ನಮ್ಮ ನಡುಮನೆಯ ಗೋಡೆಯ ಮೇಲೆ ನನ್ನದೊಂದು ಫೋಟೋ ಇತ್ತು. ಲಂಗೋಟಿ, ಮೈತುಂಬ ಕೆಂಪು ಮಣ್ಣು, ಹೆಗಲ ಮೇಲೆ ಗದೆ. ಗದೆ ಸ್ಟುಡಿಯೋದವರದು. ಮಿಕ್ಕಿದ್ದೆಲ್ಲ ನನ್ನದೇ!

ಆ ಫೋಟೋ ನನ್ನ ಹೆಂಡತಿ ಗಿರಿಜಾಳಿಗೆ ಕಣ್ಣಲ್ಲಿ ಬಿದ್ದ ಕಸ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಅದಕ್ಕೆ ಬೆನ್ನು ಹಾಕಿ ಕೂರುತ್ತಾರಂತೆ, ಹಾಗೆ ಕೂತರೆ ಟೀವಿ ಕಾಣುವುದಿಲ್ಲವಂತೆ. ಅದನ್ನು ಇಳಿಸಿ ಅಲ್ಲಿ ಗಡಿಯಾರ ಹಾಕಬೇಕೆಂದು ಅವಳು ವರ್ಷಗಳಿಂದ ಹೇಳುತ್ತಿದ್ದಳು. ನಾನು ವರ್ಷಗಳಿಂದ ಕಿವಿ ಕೇಳದವನಂತೆ ಇದ್ದೆ.

ಕೇಬಲ್ ಟೀವಿ ಮನೆಮನೆಗೆ ಬಂದಿದ್ದ ಕಾಲ ಅದು. ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಬೀದಿಯ ಟೀವಿ ಮೆಕ್ಯಾನಿಕ್ ದಸ್ತಗೀರ್ ನಮ್ಮ ಟೀವಿಯನ್ನು ರಿಪೇರಿ ಮಾಡಿ ತಂದ. ಪರೀಕ್ಷಿಸಿ ನೋಡೋಣವೆಂದರೆ ಕೇಬಲ್ ಬರುತ್ತಿರಲಿಲ್ಲ. ಅವನು ಚೀಲದಿಂದ ಹಳೆಯ ಟೀವಿ ಗೇಮಿನ ಡಬ್ಬಿಯೊಂದನ್ನು ತೆಗೆದು, ವೈರು ಸಿಕ್ಕಿಸಿ, ಕ್ಯಾಸೆಟ್ಟನ್ನು ಉಫ್ ಎಂದು ಊದಿ ತುರುಕಿದ. ಟೀವಿಯ ಪರದೆಯ ಮೇಲೆ ಇಬ್ಬರು ಚಡ್ಡಿಧಾರಿಗಳು ಹಗ್ಗ ಕಟ್ಟಿದ ಅಂಗಳದಲ್ಲಿ ಎದುರುಬದುರು ನಿಂತರು. ಕುಸ್ತಿ!

ನಾನು ಗಹಗಹಿಸಿ ನಕ್ಕೆ. ಇದು ನನ್ನ ಇಲಾಖೆ, ಇದರಲ್ಲಿ ಈ ಜಿಲ್ಲೆಯಲ್ಲೇ ನನ್ನನ್ನು ಸೋಲಿಸುವವರಿಲ್ಲ ಎಂದು ಘೋಷಿಸಿದೆ. ಗಿರಿಜಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಸೋತ್ರೆ ಫೋಟೋ ಇಳಿಸ್ತೀರಾ?"

"ಗೆದ್ರೆ ಅದು ಅಲ್ಲೇ ಇರ್ತೈತೆ. ನಾನು ಸತ್ತ ಮೇಲೆ ಹಾರಾನೂ ಅದಕ್ಕೇ ಹಾಕ್ಬೇಕು. ಆಗಬೋದಾ?"

"ಆಗ್ಲಿ. ಆದ್ರೆ ನಂಗೆ ಒಲೆ ಮೇಲೆ ಸಾರೈತೆ. ನನ್ನ ಪರವಾಗಿ ನಮ್ಮವ್ವ ಆಡ್ತಾಳೆ."

ಅವಳ ಅವ್ವ, ಅಂದರೆ ನಮ್ಮ ಅತ್ತೆ ಸರೋಜಮ್ಮ, ಮೊಳಕಾಲ್ಮೂರಿನಿಂದ ಬಂದು ಎರಡು ದಿನವಾಗಿತ್ತು. ರೇಷ್ಮೆ ಸೀರೆ ನೇಯುವ ಮನೆಯವರು. ನಲವತ್ತು ವರ್ಷ ಮಗ್ಗದ ಮುಂದೆ ಕೂತು, ಕಣ್ಣಿಗೇ ಕಾಣದ ಎಳೆ ಕಡಿದರೆ ಬೆರಳಲ್ಲೇ ಹುಡುಕಿ ಗಂಟು ಹಾಕಿದವರು. ಇದು ಆಗ ನನಗೆ ಹೊಳೆಯಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಮುದುಕಿಯ ಮೇಲೆ ಗೆದ್ದರೆ ಗರಡಿಗೆ ಅವಮಾನವಲ್ಲವೇ ಎಂದಷ್ಟೇ ಯೋಚಿಸಿ, ದೊಡ್ಡ ಮನಸ್ಸಿನಿಂದ ಒಪ್ಪಿದೆ.

ಒಂದು ತೊಡಕಿತ್ತು. ನಮ್ಮ ಅತ್ತೆ ಹಳೆಯ ಕಾಲದವರು, ಅಳಿಯನ ಎದುರಿಗೆ ಕೂರುವವರಲ್ಲ. ನಾನು ಹಜಾರಕ್ಕೆ ಬಂದರೆ ಸೆರಗು ಹೊದ್ದು ಬಾಗಿಲ ಹಿಂದೆ ಸರಿಯುವವರು. ಹದಿನೈದು ವರ್ಷದಲ್ಲಿ ನಾನು ಅವರ ಮುಖವನ್ನು ನೆಟ್ಟಗೆ ನೋಡಿದ್ದು ಮದುವೆಯ ಫೋಟೋದಲ್ಲಿ ಮಾತ್ರ. ಹೀಗಾಗಿ ಅತ್ತೆಯವರ ಗುಂಡಿ ಕಂಟ್ರೋಲಿನ ವೈರನ್ನು ದಸ್ತಗೀರ್ ನಡುಮನೆಯಿಂದ ಅಡುಗೆಮನೆಯ ಬಾಗಿಲವರೆಗೆ ಬಿಗಿಯಾಗಿ ಎಳೆದ. ಅತ್ತೆ ಬಾಗಿಲ ಮರೆಯಲ್ಲಿ ಕೂತು, ಒಂದೇ ಕಣ್ಣು ಹೊರಗಿಟ್ಟು ಟೀವಿ ನೋಡಿದರು. ನನ್ನ ಎದುರಾಳಿ ನನಗೆ ಕಾಣುತ್ತಲೇ ಇರಲಿಲ್ಲ.

ನಾನು ಪದ್ಧತಿಯಂತೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕುಸ್ತಿ ಶುರುವಾಯಿತು. ನನ್ನವನು ಹಸಿರು ಚಡ್ಡಿ, ಅತ್ತೆಯವರದು ಹಳದಿ ಚಡ್ಡಿ. ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ಅರ್ಧ ನಿಮಿಷದಲ್ಲಿ ನನ್ನವನು ಹಳದಿಯವನನ್ನು ಎತ್ತಿ ದೊಪ್ಪೆಂದು ಕೆಡವಿದ. ಬೆನ್ನು ನೆಲಕ್ಕೆ! ಗರಡಿಯಲ್ಲಿ ಬೆನ್ನಿಗೆ ಮಣ್ಣು ತಾಗಿತೆಂದರೆ ಚಿತ್. ಕುಸ್ತಿ ಮುಗಿಯಿತು. ನಾನು ಕಂಟ್ರೋಲನ್ನು ಕೆಳಗಿಟ್ಟು, ಎದ್ದು ನಿಂತು, ತೊಡೆ ತಟ್ಟಿ, ಗೋಡೆಯ ಮೇಲಿನ ನನಗೇ ಕೈ ಮುಗಿದೆ.

ಅಷ್ಟರಲ್ಲಿ ಹಳದಿ ಚಡ್ಡಿಯವನು ಎದ್ದ. ಸುಮ್ಮನೆ ನಿಂತಿದ್ದ ನನ್ನವನನ್ನು ತಲೆಕೆಳಗು ಮಾಡಿ ನೆಲಕ್ಕೆ ಅಪ್ಪಳಿಸಿ ಮೇಲೆ ಮಲಗಿದ. ಪಟ್ಟೆ ಅಂಗಿಯ ರೆಫರಿ ಬಂದು ನೆಲ ಬಡಿದು ಮೂರು ಎಣಿಸಿದ. ಗಂಟೆ ಹೊಡೆಯಿತು.

ದಸ್ತಗೀರ್ ಮೆಲ್ಲಗೆ, "ಪೈಲ್ವಾನ್‌ರೇ, ಕೆಡವಿದ್ರೆ ಸಾಲ್ದು, ಮೂರು ಎಣಿಸೋಗಂಟ ಮೇಲೆ ಮಲಗಿರ್ಬೇಕು" ಎಂದ.

ಬಿದ್ದವನ ಮೇಲೆ ಮಲಗುವುದು ಯಾವ ಊರಿನ ಕುಸ್ತಿ? ಆದರೂ ಎರಡನೆಯ ಜೋಡಿಗೆ, ಅಂದರೆ ಎರಡನೆಯ ಸುತ್ತಿಗೆ, ಇಳಿದೆ. ಮತ್ತೆ ಕೆಡವಿದೆ. ಬುದ್ಧಿಗೆ ಗೊತ್ತು, ಕೈ ಕೇಳಬೇಕಲ್ಲ! ಬೆನ್ನು ನೆಲಕ್ಕೆ ತಾಗಿದ್ದೇ ತಡ, ಕೈ ತಾನಾಗಿ ಕಂಟ್ರೋಲನ್ನು ಬಿಟ್ಟು ತೊಡೆ ತಟ್ಟಿತು. ಹಳದಿಯವನು ಎದ್ದ. ಮುಂದಿನದನ್ನು ವಿವರಿಸಲಾರೆ.

ಮೂರನೆಯದರಲ್ಲಿ ಅತ್ತೆಯವರ ಪೈಲ್ವಾನ್ ಹಗ್ಗ ದಾಟಿ ಹೊರಗೆ ಹೋಗಿ ಒಂದು ಕುರ್ಚಿ ತಂದ. ನೀವೂ ಒಂದು ತಗೊಳ್ಳಿ, ಆ ಮೂಲೆಯಲ್ಲಿ ಇನ್ನೊಂದಿದೆ ಎಂದು ದಸ್ತಗೀರ್ ಸಲಹೆ ಕೊಟ್ಟ. ನಾನು ಒಪ್ಪಲಿಲ್ಲ. ಕುರ್ಚಿ ಇರುವುದು ಕೂರುವುದಕ್ಕೆ. ಗರಡಿಯ ಮರ್ಯಾದೆ ಕಾಯುವ ಸಲುವಾಗಿ ನನ್ನವನನ್ನು ಅಲ್ಲಾಡದೆ ನಿಲ್ಲಿಸಿದೆ. ಅವನು ಸತ್ಯಕ್ಕಾಗಿ ಹನ್ನೊಂದು ಕುರ್ಚಿ ಏಟು ತಿಂದ. ಬಾಗಿಲ ಮರೆಯಿಂದ "ಅಯ್ಯೋ ಪಾಪ" ಎಂಬ ಮೃದುವಾದ ದನಿಯೂ, ಅದರ ಹಿಂದೆಯೇ ಟಕಟಕ ಗುಂಡಿಯ ಸದ್ದೂ ಕೇಳಿಸಿದವು. ನನಗೆ ನಿಜವಾಗಿಯೂ ಸಿಟ್ಟು ಬಂತು.

ಗಿರಿಜಾ ಆಗಲೇ ಫೋಟೋದ ಕೆಳಗೆ ಸ್ಟೂಲು ತಂದಿಟ್ಟಿದ್ದಳು. ನಾನು ಅದರ ಮುಂದೆ ಅಡ್ಡ ನಿಂತೆ. ಮೂರರಲ್ಲಿ ಎರಡು ಸಲ ಮೊದಲು ಕೆಡವಿದವನು ನಾನೇ, ಈ ಎಣಿಕೆ ಗಿಣಿಕೆ ಕುಸ್ತಿಯೇ ಅಲ್ಲ, ಕಟ್ಟಕಡೆಯ ಜೋಡಿ ಗರಡಿ ನಿಯಮದಂತೆ ನಡೆಯಲೇಬೇಕು ಎಂದು ವಾದಿಸಿದೆ. ಯಾರ ಬೆನ್ನು ಮೊದಲು ನೆಲಕ್ಕೆ ತಾಗುತ್ತದೋ ಅವರು ಸೋತಂತೆ. ಅದೇ ಕೊನೆಯ ತೀರ್ಪು. ಗಿರಿಜಾ ಬಾಗಿಲ ಕಡೆ ನೋಡಿದಳು. ಒಳಗಿನಿಂದ ಉತ್ತರ ಬಂತು.

"ಅಳಿಯಂದ್ರು ಹೇಳ್ದಂಗೇ ಆಗ್ಲಿ ಬಿಡು. ಬೆನ್ನು ತಾಗಿದ್ರೆ ಸೋತಂಗೆ."

ಆಡಿದೆವು. ಸುಳ್ಳೇಕೆ ಹೇಳಲಿ, ಆ ಫೋಟೋ ಇಳಿದರೆ ನಾನು ಬರೀ ಹೊಟ್ಟೆಯ ಮೇಸ್ತ್ರಿ ಎಂಬ ಭಯ ನನಗಿತ್ತು. ಹಲ್ಲು ಕಚ್ಚಿ ಒತ್ತಿದೆ. ಹಸಿರು ಚಡ್ಡಿಯವನು ಹಳದಿಯವನನ್ನು ತಲೆಯ ಮೇಲಕ್ಕೆತ್ತಿ, ತಿರುಗಿಸಿ, ಕೆಡವಿದ. ಬೆನ್ನು ನೆಲಕ್ಕೆ!

ಗೆದ್ದ ಪೈಲ್ವಾನ್ ಸುಮ್ಮನೆ ಕೂರುವಂತಿಲ್ಲ. ಕಣದ ಸುತ್ತ ಒಂದು ಸುತ್ತು ಹಾಕಿ ಜನಕ್ಕೆ ಕೈ ಮುಗಿಯಬೇಕು, ಅದು ಸಂಪ್ರದಾಯ. ನಾನು ಎರಡೂ ಕೈ ಎತ್ತಿ ನಡುಮನೆಯ ಸುತ್ತ ಓಡಿದೆ. ದಸ್ತಗೀರನಿಗೆ ಕೈ ಮುಗಿದೆ. ಸ್ಟೂಲಿಗೆ ಕೈ ಮುಗಿದೆ. ಅಡುಗೆಮನೆಯ ಬಾಗಿಲ ಬಳಿ ಬಂದಾಗ ಅತ್ತೆಯವರ ವೈರು ಮೊಣಕಾಲಿಗೆ ಸಿಕ್ಕಿತು. ಹಿಂದೆ ಜಿಗಿದೆ. ಇನ್ನೊಂದು ಕಾಲು ನನ್ನದೇ ಕಂಟ್ರೋಲಿನ ಮೇಲೆ ಬಿತ್ತು. ವೈರಿನ ಎಳೆತಕ್ಕೆ ವಾಲಿದ ಟೀವಿಯನ್ನು ದಸ್ತಗೀರ್ ಓಡಿ ಬಂದು ತಬ್ಬಿಕೊಂಡ. ನನ್ನನ್ನು ಯಾರೂ ತಬ್ಬಿಕೊಳ್ಳಲಿಲ್ಲ. ಅಡುಗೆಮನೆಯ ಪಾತ್ರೆಗಳು ಜಣ್ಣೆಂದವು.

ಒಳಗಿನಿಂದ ಅತ್ತೆ ಶಾಂತವಾಗಿ ಕೇಳಿದರು.

"ಗಿರಿಜಾ, ಅದೇನೇ ಬಿದ್ದಿದ್ದು?"

"ನಿನ್ನ ಅಳಿಯ ಕಣವ್ವ."

"ಪೆಟ್ಟಾಯ್ತಾ?"

"ಇಲ್ಲ. ಕಣ್ಣು ಬಿಟ್ಕಂಡು ಸೂರು ನೋಡ್ತಾ ಅದಾರೆ."

ಸ್ವಲ್ಪ ಹೊತ್ತು ಅಕ್ಕಿ ಕೇರುವ ಸದ್ದು ಕೇಳಿತು.

"ಸೂರು ನೋಡ್ತಾ ಅದಾರೆ ಅಂದ್ರೆ ಅಂಗಾತ ಬಿದ್ದವ್ರೆ. ಫೋಟೋ ಇಳಿಸು."

ನಾನು ಬಿದ್ದಲ್ಲಿಂದಲೇ ಆಕ್ಷೇಪಣೆ ಸಲ್ಲಿಸಿದೆ. ಕುಸ್ತಿ ಆಗಲೇ ಮುಗಿದಿತ್ತು. ಎದುರಾಳಿ ನನ್ನನ್ನು ಮುಟ್ಟಿಯೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಸಿಮೆಂಟು ನೆಲ. ಮಣ್ಣಿಗೆ ತಾಗಿದರೆ ಚಿತ್, ಸಿಮೆಂಟಿಗೆ ತಾಗಿದರೆ ಅಪಘಾತ. ತೀರ್ಪು ಹೇಳು ಎಂದು ದಸ್ತಗೀರನನ್ನು ಕೇಳಿದೆ. ಅವನು ವೈರು ಸುತ್ತುತ್ತಾ, ನಾನು ಬರೀ ಟೀವಿ ರಿಪೇರಿ ಮಾಡೋನು ಪೈಲ್ವಾನ್‌ರೇ ಎಂದ. ಗಿರಿಜಾ ನನ್ನನ್ನು ದಾಟಿಕೊಂಡು ಹೋಗಿ ಸ್ಟೂಲು ಹತ್ತಿದಳು.

ಸಂಜೆಯ ಹೊತ್ತಿಗೆ ಬೆನ್ನು ಹಲಗೆಯಾಯಿತು. ಗಿರಿಜಾ ಚಾಪೆ ಹಾಸಿ, ಬೋರಲು ಮಲಗಿಸಿ, ಬಿಸಿ ಎಣ್ಣೆ ತಿಕ್ಕಿದಳು. ನಾನು ಚಾಪೆಯೊಳಗೆ ಮುಖವಿಟ್ಟುಕೊಂಡೇ ಸಿಮೆಂಟಿನ ವಾದವನ್ನು ಮುಂದುವರಿಸಿದೆ. ತಿಕ್ಕಿ ಮುಗಿಸಿ, ಇನ್ನು ಅಂಗಾತ ಮಲಗಿ ವಿಶ್ರಾಂತಿ ತಗೊಳ್ಳಿ ಎಂದಳು.

ನಾನು ಖಂಡಿತವಾಗಿ ನಿರಾಕರಿಸಿದೆ. ಒಂದೇ ದಿನ, ಒಂದೇ ಮನೆಯಲ್ಲಿ, ಅತ್ತೆ ಬಾಗಿಲ ಮರೆಯಲ್ಲಿ ಕೂತು ಕಿವಿಗೊಟ್ಟಿರುವಾಗ ಎರಡನೆಯ ಸಲ ಬೆನ್ನು ನೆಲಕ್ಕೆ ಹಚ್ಚಲು ನಾನೇನು ಹುಚ್ಚನೇ? ಅತ್ತೆ ಮೊಳಕಾಲ್ಮೂರಿನ ಬಸ್ಸು ಹತ್ತುವವರೆಗೂ, ಪೂರ್ತಿ ನಾಲ್ಕು ದಿನ, ನಾನು ಬೋರಲಾಗಿಯೇ ಮಲಗಿದೆ.